ಉಸಿರು ಮತ್ತು ಉರಿ

ನಾವು ಕನ್ನಡದಲ್ಲಿ ಉಸಿರು ಎನ್ನುತ್ತೇವೆ. ತಮಿಳಿನಲ್ಲಿ ಉಯಿರ್ ಎಂದರೆ ಜೀವ; ತೆಲುಗಿನ ಉಸುರೂ ಜೀವವೇ. ಉಸಿರು ನಿಂತರೆ ಜೀವ ಹೋಯಿತೆಂದು ಹಿರಿಯರಿಗೆಲ್ಲ ತಿಳಿದಿತ್ತು. ಆದರೆ ಒಳಗೆ ಹೋದ ಗಾಳಿ ಮಾಡುವ ಕೆಲಸವೇನು? ಹೃದಯದ ಕಾವನ್ನು ತಣಿಸುತ್ತದೆ ಎಂದಿದ್ದ ಗ್ರೀಸಿನ ಅರಿಸ್ಟಾಟಲ್. ಬಹುಕಾಲ ಲೋಕ ಅದನ್ನೇ ನಂಬಿತ್ತು.

ಇಂಗ್ಲೆಂಡಿನಲ್ಲಿ ರಾಬರ್ಟ್ ಬಾಯ್ಲ್ ಗಾಜಿನ ಪಾತ್ರೆಯೊಳಗಿನ ಗಾಳಿಯನ್ನು ಪಂಪಿನಿಂದ ಹೊರಗೆಳೆದು ನೋಡಿದ. ದೀಪ ನಂದಿತು, ಹಕ್ಕಿ ಪ್ರಾಣ ಬಿಟ್ಟಿತು. 1660ರಲ್ಲಿ ಇದನ್ನು ಪ್ರಕಟಿಸಿದ. ಉರಿಗೂ ಉಸಿರಿಗೂ ಬೇಕಾದದ್ದು ಒಂದೇ ಇರಬಹುದೆ?

ಇದಕ್ಕೆ ತಕ್ಕಡಿ ಹಿಡಿದು ಉತ್ತರ ಹುಡುಕಿದವನು ಫ್ರಾನ್ಸಿನ ಲಾವಾಸಿಯೆ. ನಮ್ಮ ‘ಆಮ್ಲಜನಕ’ ಅವನಿಟ್ಟ ಹೆಸರಿನ ಅನುವಾದವೇ. 1780ರ ದಶಕದ ಆರಂಭದಲ್ಲಿ ಅವನೂ ಲಾಪ್ಲಾಸನೂ ಒಂದು ಗಿನಿಯಿಲಿಯನ್ನು ಮಂಜುಗಡ್ಡೆ ತುಂಬಿದ ಪಾತ್ರೆಯ ನಡುವೆ ಇಟ್ಟರು. ಹತ್ತು ಗಂಟೆಯಲ್ಲಿ ಇಲಿಯ ಮೈ ಕಾವಿಗೆ 13 ಔನ್ಸ್ ಮಂಜು ಕರಗಿತು. ಇಲಿ ಬಿಡುವಷ್ಟೇ ಇಂಗಾಲದ ಡೈ ಆಕ್ಸೈಡ್ ಹುಟ್ಟುವಂತೆ ಇದ್ದಿಲು ಸುಟ್ಟರೆ ಎಷ್ಟು ಮಂಜು ಕರಗುವುದೆಂದು ಲೆಕ್ಕ ಹಾಕಿದರು. ಎರಡೂ ಬಹುಮಟ್ಟಿಗೆ ಹತ್ತಿರ ಬಂದವು. ಉಸಿರಾಟವೆಂದರೆ ನಿಧಾನವಾದ ಉರಿ ಎಂದರು ಇಬ್ಬರೂ. ಕ್ರಾಂತಿಯ ಕಾಲದಲ್ಲಿ, 1794ರಲ್ಲಿ, ಲಾವಾಸಿಯೆಯ ತಲೆ ಕಡಿದರು.

ಈ ಉರಿ ಶ್ವಾಸಕೋಶದಲ್ಲೇ ನಡೆಯುತ್ತದೆಂದು ಅವನು ಭಾವಿಸಿದ್ದ. ಹಾಗಲ್ಲ. 1837ರಲ್ಲಿ ಜರ್ಮನಿಯ ಮ್ಯಾಗ್ನಸ್ ರಕ್ತದಲ್ಲೇ ಎರಡೂ ಅನಿಲಗಳಿರುವುದನ್ನು ತೋರಿಸಿದ. 1870ರ ದಶಕದಲ್ಲಿ ಫ್ಲ್ಯೂಗರ್, ಆಮ್ಲಜನಕ ಬಳಕೆಯಾಗುವುದು ಜೀವಕೋಶಗಳಲ್ಲಿ ಎಂಬುದನ್ನು ದೃಢಪಡಿಸಿದ. ಶ್ವಾಸಕೋಶ ಸಂತೆ ಇದ್ದಂತೆ. ರಕ್ತ ಸರಕು ಹೊರುವ ಗಾಡಿ. ಆಮ್ಲಜನಕ ಇಳಿಸಿ, ಇಂಗಾಲದ ಡೈ ಆಕ್ಸೈಡ್ ಹೇರಿಕೊಂಡು ಮರಳುತ್ತದೆ. ಒಲೆಯಿರುವುದು ಜೀವಕೋಶದ ಮನೆಯಲ್ಲಿ. ಉಂಡ ಅನ್ನ, ರೊಟ್ಟಿಯ ಶಕ್ತಿ ಅಲ್ಲಿಯೇ ಹಂತಹಂತವಾಗಿ ಬಿಡುಗಡೆಯಾಗುತ್ತದೆ. ಆ ಒಲೆ ಮೈಟೊಕಾಂಡ್ರಿಯ ಎಂಬ ಕಣದಲ್ಲಿದೆ ಎಂದು 1948ರಲ್ಲಿ ಅಮೆರಿಕದ ಕೆನಡಿ ಮತ್ತು ಲೆನಿಂಜರ್ ಕಂಡರು.

ಈ ಚರಿತ್ರೆ ನಮಗೇಕೆ ಎನ್ನುವಿರಾ? ಹಾಳು ಬಾವಿಗೆ ಇಳಿಯುವ ಮುನ್ನ ದೀಪ ಇಳಿಬಿಡುವ ವಾಡಿಕೆ ಹಲವೆಡೆ ಇತ್ತು. ದೀಪ ನಂದಿದರೆ ಅಲ್ಲಿ ಉಸಿರಿಗೂ ಜಾಗವಿಲ್ಲ. ಆದರೆ ದೀಪ ಉರಿದ ಮಾತ್ರಕ್ಕೆ ಬಾವಿಯನ್ನು ನಂಬಬೇಡಿ. ದೀಪ ನಂದಿಸದ ವಿಷಾನಿಲಗಳೂ ಇವೆ, ಬೆಂಕಿ ತಾಗಿದರೆ ಸಿಡಿಯುವ ಅನಿಲಗಳೂ ಇವೆ. ಒಳಗೆ ಬಿದ್ದವನನ್ನು ಎತ್ತಲೆಂದು ಇನ್ನೊಬ್ಬ ಹಾಗೆಯೇ ಇಳಿದರೆ ಒಂದು ಸಾವು ಎರಡಾಗುತ್ತದೆ. ಕರುಳು ಕಿವುಚಿದರೂ ಮೇಲೆಯೇ ನಿಲ್ಲಿ, ಅಗ್ನಿಶಾಮಕ ದಳವನ್ನು ಕರೆಯಿರಿ.