ನೆನೆಯುವ ಮುನ್ನ

ಕಳೆದ ಬೇಸಿಗೆ ರಜೆಯಲ್ಲಿ ನಡೆದ ಸಂಗತಿ. ಬೆಂಗಳೂರಿನ ಸಮೀಪದ ನೀರಾಟದ ಉದ್ಯಾನವೊಂದಕ್ಕೆ ಮನೆಮಂದಿಯೆಲ್ಲ ಹೋಗುವುದೆಂದು ಮಗಳು ಮತ್ತು ಅಳಿಯ ನಿಶ್ಚಯಿಸಿದ್ದರು. ಹಿಂದಿನ ರಾತ್ರಿ ಹತ್ತು ವರ್ಷದ ಮೊಮ್ಮಗಳು ನನ್ನ ಮುಂದೆ ಒಂದು ಪಟ್ಟಿ ಹಿಡಿದು ನಿಂತಳು. ತಲಾ ಒಂದು ಟವೆಲ್, ಒಂದು ಜೊತೆ ಒಣಬಟ್ಟೆ, ಒದ್ದೆಬಟ್ಟೆ ತುಂಬಲು ಪ್ಲಾಸ್ಟಿಕ್ ಚೀಲ, ಹವಾಯಿ ಚಪ್ಪಲಿ, ಮೊಬೈಲಿಗೆ ನೀರು ಹೋಗದ ಕವರು, ಕನ್ನಡಕಕ್ಕೆ ಕಟ್ಟುವ ದಾರ.

“ತಾತ, ಪಂಚೆ ಉಟ್ಕೊಂಡು ಬಂದ್ರೆ ನೀರಿಗೆ ಬಿಡಲ್ಲ. ನೈಲಾನ್ ಚಡ್ಡಿನೇ ಬೇಕು” ಎಂದು ಕಟ್ಟಪ್ಪಣೆಯನ್ನೂ ಮಾಡಿದಳು.

ಒಳಗಿನಿಂದ ನನ್ನ ಮನೆಯಾಕೆಯ ದನಿ ಬಂತು: “ನೆನೆಯೋದಕ್ಕೂ ಇಷ್ಟೊಂದು ತಯಾರಿ ಬೇಕೇನ್ರೀ? ನಾವು ಮಳೇಲಿ ನೆನೀತಿದ್ದಾಗ ಯಾರು ಪಟ್ಟಿ ಬರೆದಿದ್ರು?”

ಪ್ರಶ್ನೆ ನಗೆಯದಾದರೂ ನನ್ನನ್ನು ಬಿಡಲಿಲ್ಲ. ಮೂವತ್ತು ವರ್ಷಗಳಿಗೂ ಮಿಕ್ಕಿ ಮಕ್ಕಳಿಗೆ ಇತಿಹಾಸ ಹೇಳಿದವನಿಗೆ ಯಾವುದನ್ನು ಕಂಡರೂ ಅದರ ಹಿಂದಿನ ಕಥೆ ಕೆದಕುವ ಚಟ. ಮನುಷ್ಯ ತಲೆತಲಾಂತರದಿಂದ ನೆನೆಯದಿರಲು ಹವಣಿಸಿದವನು. ನಮ್ಮ ಊರಿನಲ್ಲಿ ಮಳೆಗಾಲ ಬಂತೆಂದರೆ ಗೋಣಿಚೀಲದ ಒಂದು ಮೂಲೆಯನ್ನು ಇನ್ನೊಂದರೊಳಕ್ಕೆ ಮಡಿಸಿ ಕೊಪ್ಪೆ ಮಾಡಿ ತಲೆಗೇರಿಸುತ್ತಿದ್ದೆವು. ಅಂಥ ಮನುಷ್ಯ ಹಣ ತೆತ್ತು, ಸರದಿಯಲ್ಲಿ ನಿಂತು, ಉಟ್ಟಬಟ್ಟೆಯಲ್ಲೇ ನೆನೆಯಲು ಹೊರಟದ್ದು ಯಾವಾಗ? ಉತ್ತರ ಹುಡುಕುತ್ತ ಹೋದಂತೆ ನಾನು ಎಣಿಸಿರದ ಒಂದೆರಡು ಕಡೆಗೆ ಹೋಗಿ ನಿಂತೆ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ನೆನೆಯದಿರುವ ವಿದ್ಯೆ. 1823ರಲ್ಲಿ ಸ್ಕಾಟ್ಲೆಂಡಿನ ಚಾರ್ಲ್ಸ್ ಮ್ಯಾಕಿಂಟಾಷ್ ಎಂಬ ರಸಾಯನಜ್ಞ ಎರಡು ಪದರ ಬಟ್ಟೆಯ ನಡುವೆ ರಬ್ಬರನ್ನು ಅಂಟಿಸಿ ನೀರಿಳಿಯದ ಬಟ್ಟೆಗೆ ಪೇಟೆಂಟ್ ಪಡೆದನು. ಆದರೆ ಆ ರಬ್ಬರು ಬಿಸಿಲಿಗೆ ಅಂಟಂಟಾಗುತ್ತಿತ್ತು, ಚಳಿಗೆ ಸೆಟೆದು ಬಿರಿಯುತ್ತಿತ್ತು. ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ ರಬ್ಬರಿಗೆ ಗಂಧಕ ಬೆರೆಸಿ ಕಾಯಿಸುವ ಕ್ರಮವನ್ನು ಕಂಡುಕೊಂಡು 1844ರಲ್ಲಿ ಪೇಟೆಂಟ್ ಪಡೆದ ಮೇಲೆ ಈ ದೋಷ ನೀಗಿತು.

ಈ ರಬ್ಬರನ್ನು ಅಡಿಯಿಂದ ಮುಡಿಯವರೆಗೆ ತೊಟ್ಟು ಜಗತ್ಪ್ರಸಿದ್ಧನಾದವನು ಕ್ಯಾಪ್ಟನ್ ಪಾಲ್ ಬಾಯ್ಟನ್. ಅಮೆರಿಕದ ಅಟ್ಲಾಂಟಿಕ್ ಸಿಟಿಯ ಕಡಲತೀರದಲ್ಲಿ ಮುಳುಗುವವರನ್ನು ರಕ್ಷಿಸುವ ಕೆಲಸದಲ್ಲಿದ್ದವನು. ಮೆರಿಮನ್ ಎಂಬಾತ ಹಡಗಿನ ಪ್ರಯಾಣಿಕರ ಪ್ರಾಣರಕ್ಷಣೆಗಾಗಿ ರೂಪಿಸಿದ್ದ ರಬ್ಬರಿನ ಉಡುಪೊಂದು ಇವನ ಕೈಗೆ ಬಂತು. ಕೊಳವೆಗಳ ಮೂಲಕ ಊದಿ ತುಂಬಿಸಬಹುದಾದ ಗಾಳಿಚೀಲಗಳು ಅದರೊಳಗಿದ್ದವು. ತೊಟ್ಟವನು ಅಂಗಾತ ಮಲಗಿ, ಹುಟ್ಟು ಹಾಕುತ್ತ ತೇಲಬಹುದಾಗಿತ್ತು. 1875ರ ಮೇ ತಿಂಗಳಲ್ಲಿ ಬಾಯ್ಟನ್ ಅದನ್ನು ತೊಟ್ಟು ಫ್ರಾನ್ಸಿನಿಂದ ಇಂಗ್ಲೆಂಡಿಗೆ ಇಂಗ್ಲಿಷ್ ಕಾಲುವೆಯನ್ನು ಸುಮಾರು ಒಂದು ಹಗಲು ಒಂದು ರಾತ್ರಿಯಲ್ಲಿ ದಾಟಿದನು. ಅದೇ ವರ್ಷದ ಆಗಸ್ಟಿನಲ್ಲಿ ಮ್ಯಾಥ್ಯೂ ವೆಬ್ ಯಾವ ಸಲಕರಣೆಯೂ ಇಲ್ಲದೆ ಈಜಿ ದಾಟಿದ ಕಥೆ ಪಠ್ಯಗಳಲ್ಲಿ ಬರುತ್ತದೆ. ಬಾಯ್ಟನ್ನನ ಕಥೆ ಅಷ್ಟಾಗಿ ಬರುವುದಿಲ್ಲ.

ಅದೇ 1875ರಲ್ಲಿ ಅಮೆರಿಕದ ನೆವಾಡಾದಲ್ಲಿ ಇನ್ನೊಂದು ವಿಚಿತ್ರ ನಡೆಯಿತು. ಅಲ್ಲಿನ ಬೆಳ್ಳಿಗಣಿಗಳಿಗೆ ಬೇಕಾದ ಮರವನ್ನು ಬೆಟ್ಟದ ಮೇಲಿಂದ ಇಳಿಸಲು ಹಲಗೆಗಳಿಂದ ಉದ್ದನೆಯ ತೋಡು ಕಟ್ಟಿ ಅದರಲ್ಲಿ ನೀರು ಹರಿಸುತ್ತಿದ್ದರು. ಮರ ತನ್ನಷ್ಟಕ್ಕೆ ತೇಲಿ ಕೆಳಗಿಳಿಯುತ್ತಿತ್ತು. ನ್ಯೂಯಾರ್ಕ್ ಟ್ರಿಬ್ಯೂನ್ ಪತ್ರಿಕೆಯ ರಾಮ್ಸ್‌ಡೆಲ್ ಎಂಬ ವರದಿಗಾರ, ಗಣಿ ಧನಿಕರಾದ ಜೇಮ್ಸ್ ಫೇರ್ ಮತ್ತು ಜೇಮ್ಸ್ ಫ್ಲಡ್ ಅವರ ಮಾತಿಗೆ ಸೋತು, ಹಂದಿಗೆ ಕೂಳಿಡುವ ಬಾನಿಯಂತಿದ್ದ ದೋಣಿಗಳಲ್ಲಿ ಅವರೊಂದಿಗೆ ಹೊರಟು 15 ಮೈಲಿ ದೂರವನ್ನು ಕೇವಲ 35 ನಿಮಿಷಗಳಲ್ಲಿ ಇಳಿದು ಬಂದನು. ತೋಯ್ದು ತೊಪ್ಪೆಯಾಗಿ, ಮೈಕೈ ಜಜ್ಜಿಸಿಕೊಂಡು ಕೆಳಗೆ ತಲುಪಿದ ಫ್ಲಡ್, ತನ್ನ ಗಣಿಯನ್ನೇ ಕೊಟ್ಟರೂ ಮತ್ತೊಮ್ಮೆ ಈ ಸಾಹಸಕ್ಕೆ ಇಳಿಯುವುದಿಲ್ಲ ಎಂದನಂತೆ. ಒಬ್ಬನಿಗೆ ಒಂದೇ ಸಾಕಾದದ್ದು ಮುಂದೆ ಕೋಟ್ಯಂತರ ಜನರಿಗೆ ಬೇಕಾಯಿತು.

1884ರಲ್ಲಿ ಇಲಿನಾಯ್ ರಾಜ್ಯದ ರಾಕ್ ಐಲೆಂಡಿನಲ್ಲಿ ನ್ಯೂಬರ್ಗ್ ಎಂಬಾತ ಗುಡ್ಡದ ಇಳಿಜಾರಿನಲ್ಲಿ ಹಳಿ ಹಾಕಿ, ಚಪ್ಪಟೆ ತಳದ ದೋಣಿಯನ್ನು ಜಾರಿಸಿ ನದಿಗೆ ಬೀಳಿಸುವ ಆಟ ಹೂಡಿದನು. ಅದನ್ನು ದೊಡ್ಡ ಪ್ರಮಾಣದಲ್ಲಿ ಜನರ ಮುಂದಿಟ್ಟವನು ಮತ್ತಾರೂ ಅಲ್ಲ, ನಮ್ಮ ರಬ್ಬರು ಕ್ಯಾಪ್ಟನ್ ಬಾಯ್ಟನ್! 1894ರಲ್ಲಿ ಷಿಕಾಗೋದಲ್ಲಿ, 1895ರಲ್ಲಿ ನ್ಯೂಯಾರ್ಕಿನ ಕೋನಿ ಐಲೆಂಡಿನಲ್ಲಿ ಅವನು ಇಂಥ ಜಾರುದೋಣಿಗಳ ಉದ್ಯಾನಗಳನ್ನು ತೆರೆದನು. ಕೋನಿ ಐಲೆಂಡಿನ ‘ಸೀ ಲಯನ್ ಪಾರ್ಕ್’ ಸುತ್ತ ಬೇಲಿ ಹಾಕಿ, ಬಾಗಿಲಲ್ಲೇ ಶುಲ್ಕ ಪಡೆದು ನಡೆಸಿದ ಮೊದಮೊದಲ ಮನರಂಜನಾ ಉದ್ಯಾನಗಳಲ್ಲಿ ಒಂದು. ಜೀವಮಾನವೆಲ್ಲ ನೀರಿನಲ್ಲಿದ್ದೂ ನೆನೆಯದಿರುವುದನ್ನು ತೋರಿಸಿದವನು ಕೊನೆಗೆ ಜನರನ್ನು ನೀರಿಗೆ ಬೀಳಿಸಿ ಹಣ ಸಂಪಾದಿಸಿದನು!

ಆ ಕಾಲದ ಛಾಯಾಚಿತ್ರಗಳನ್ನು ನೋಡಿದರೆ ಸೋಜಿಗವಾಗುತ್ತದೆ. ಹೆಂಗಸರು ಪಾದ ಮುಚ್ಚುವ ಲಂಗ, ಹೂವಿನ ಟೋಪಿ ತೊಟ್ಟು, ಗಂಡಸರು ಕೋಟು ಹ್ಯಾಟು ಧರಿಸಿ ದೋಣಿಯಲ್ಲಿ ಕುಳಿತಿದ್ದಾರೆ. ನೆನೆಯುವ ಸಿದ್ಧತೆಯೇ ಇಲ್ಲ. ಕಾರಣವಿದೆ. ಚಪ್ಪಟೆ ತಳದ ದೋಣಿ ಕೊಳಕ್ಕೆ ಬಡಿದಾಗ ನೀರಿನ ಮೇಲೆ ಕಪ್ಪೆಚಿಪ್ಪು ಎಸೆದಂತೆ ಪುಟಿಯುತ್ತ ಸಾಗುತ್ತಿತ್ತು. ನೀರು ಇಬ್ಬದಿಗೆ ಚಿಮ್ಮುತ್ತಿತ್ತೇ ಹೊರತು ಒಳಗೆ ಹೆಚ್ಚಾಗಿ ಬೀಳುತ್ತಿರಲಿಲ್ಲ. ಬಾಯ್ಟನ್ನನ ಉದ್ಯಾನದ ಅಂತ್ಯವೂ ವಿಚಿತ್ರವಾದದ್ದೇ. 1902ರ ಬೇಸಿಗೆಯಲ್ಲಿ ಬಿಡದೆ ಮಳೆ ಸುರಿದು ಜನ ಅತ್ತ ಸುಳಿಯಲಿಲ್ಲ. ಬಾಯ್ಟನ್ ಜಾಗವನ್ನು ಬೇರೆಯವರಿಗೆ ವಹಿಸಿಬಿಟ್ಟನು. 1903ರಲ್ಲಿ ಅಲ್ಲಿ ಹೆಸರಾಂತ ಲೂನಾ ಪಾರ್ಕ್ ಎದ್ದಿತು. ದುಡ್ಡು ಕೊಟ್ಟು ನೆನೆಯುವವರು ಪುಕ್ಕಟೆ ಮಳೆಯಲ್ಲಿ ನೆನೆಯಲು ಒಲ್ಲರು!

ಉಟ್ಟಬಟ್ಟೆಯಲ್ಲೇ ತೋಯಿಸುವ ಆಟ ಬಲಗೊಂಡದ್ದು 1963ರಲ್ಲಿ. ಆ ವರ್ಷ ಟೆಕ್ಸಾಸಿನ ‘ಸಿಕ್ಸ್ ಫ್ಲ್ಯಾಗ್ಸ್’ ಉದ್ಯಾನದಲ್ಲಿ ‘ಎಲ್ ಅಸೆರಾಡೆರೊ’ ಆರಂಭವಾಯಿತು. ಸ್ಪ್ಯಾನಿಷ್ ಭಾಷೆಯಲ್ಲಿ ಈ ಹೆಸರಿಗೆ ಮರ ಕೊಯ್ಯುವ ಕಾರ್ಖಾನೆ ಎಂದರ್ಥ. ಆರೋ ಡೆವಲಪ್‌ಮೆಂಟ್ ಎಂಬ ಸಂಸ್ಥೆ ನೆವಾಡಾದಲ್ಲಿದ್ದಂಥ ತೋಡುಗಳನ್ನೇ ಮಾದರಿಯಾಗಿಟ್ಟುಕೊಂಡು, ಮರದ ದಿಮ್ಮಿಯಂತೆ ಕಾಣುವ ದೋಣಿಗಳನ್ನು ಮಾಡಿತು. ಪಂಪುಗಳು ನೀರನ್ನು ಎತ್ತರದ ತೋಡಿಗೆ ಏರಿಸುತ್ತವೆ, ಚಲಿಸುವ ಪಟ್ಟಿ ದೋಣಿಯನ್ನು ದಿಬ್ಬಕ್ಕೆ ಎಳೆಯುತ್ತದೆ, ಅಲ್ಲಿಂದ ಮುಂದೆ ಗುರುತ್ವವೇ ಸಾರಥಿ. ಜನ ಮುಗಿಬಿದ್ದರು. 1968ರಲ್ಲಿ ಅದೇ ಉದ್ಯಾನದಲ್ಲಿ ಎರಡನೆಯ ತೋಡನ್ನೂ ಕಟ್ಟಬೇಕಾಯಿತು. 1977ರಲ್ಲಿ ಜಾರ್ಜ್ ಮಿಲ್ಲೆ ಎಂಬಾತ ಫ್ಲಾರಿಡಾದ ಆರ್ಲಾಂಡೊದಲ್ಲಿ ‘ವೆಟ್ ಎನ್ ವೈಲ್ಡ್’ ತೆರೆದಾಗ, ಪೂರ್ತಿಯಾಗಿ ನೀರಾಟಕ್ಕೇ ಮೀಸಲಾದ ಉದ್ಯಾನಗಳ ಕಾಲ ಶುರುವಾಯಿತು. 1980ರಲ್ಲಿ ಹ್ಯೂಸ್ಟನ್ನಿನಲ್ಲಿ ದುಂಡನೆಯ ತೆಪ್ಪ ಸುತ್ತುತ್ತ ಸಾಗುವ ಸುಳಿನದಿಯ ಆಟ ಬಂತು. ನಮ್ಮ ಕಡೆಗೆ ಈ ಅಲೆ ತಲುಪಿದ್ದು ತಡವಾಗಿ. ಕೊಚ್ಚಿಯಲ್ಲಿ 2000ದಲ್ಲಿ ವೀಗಾಲ್ಯಾಂಡ್, ಬಿಡದಿಯ ಬಳಿ 2005ರಲ್ಲಿ ವಂಡರ್‌ಲಾ ತೆರೆದವು.

ಇಲ್ಲಿಗೆ ನಿಲ್ಲಿಸಿದ್ದರೆ ಇದು ಬರೀ ಯಂತ್ರಗಳ ಕಥೆಯಾಗುತ್ತಿತ್ತು. ಆದರೆ 1963 ಎಂಬ ಇಸವಿ ನನ್ನನ್ನು ತಡೆದು ನಿಲ್ಲಿಸಿತು. ಆ ವರ್ಷದ ಏಪ್ರಿಲಿನಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಬರ್ಮಿಂಗ್‌ಹ್ಯಾಂ ಸೆರೆಮನೆಯಿಂದ ಬರೆದ ಪ್ರಸಿದ್ಧ ಪತ್ರವನ್ನು ನಾನು ತರಗತಿಯಲ್ಲಿ ಹಲವು ಬಾರಿ ಪ್ರಸ್ತಾಪಿಸಿದ್ದೆ. ಅದರಲ್ಲಿ ಒಂದು ಮಾತು ಬರುತ್ತದೆ. ದೂರದರ್ಶನದಲ್ಲಿ ಜಾಹೀರಾತು ಕಂಡು ‘ಫನ್‌ಟೌನ್’ ಎಂಬ ಉದ್ಯಾನಕ್ಕೆ ಹೋಗೋಣವೆಂದು ಕೇಳುವ ಆರು ವರ್ಷದ ಮಗಳಿಗೆ, ಅಲ್ಲಿ ಕಪ್ಪು ಮಕ್ಕಳಿಗೆ ಪ್ರವೇಶವಿಲ್ಲ ಎಂದು ವಿವರಿಸಲು ಹೊರಟ ತಂದೆಯ ನಾಲಿಗೆ ತೊದಲುತ್ತದೆ, ಮಗುವಿನ ಕಣ್ಣಲ್ಲಿ ನೀರು ತುಂಬುತ್ತದೆ. ತರಗತಿಯಲ್ಲಿ ಇದನ್ನು ಹೇಳುವಾಗ ನಾನು ಎಂದೂ ಆ ಉದ್ಯಾನವನ್ನು ಕಣ್ಣಮುಂದೆ ತಂದುಕೊಂಡಿರಲಿಲ್ಲ. ಮೊಮ್ಮಗಳ ಪಟ್ಟಿ ಕೈಯಲ್ಲಿದ್ದಾಗ ತಂದುಕೊಂಡೆ.

ನೀರಿನ ವಿಷಯದಲ್ಲಂತೂ ಈ ಭೇದ ಇನ್ನೂ ಕ್ರೂರವಾಗಿತ್ತು. 1949ರ ಜೂನಿನಲ್ಲಿ ಸೇಂಟ್ ಲೂಯಿ ನಗರದ ಫೇರ್‌ಗ್ರೌಂಡ್ ಪಾರ್ಕಿನ ಈಜುಕೊಳವನ್ನು ಕಪ್ಪು ಮಕ್ಕಳಿಗೂ ತೆರೆದ ದಿನವೇ ಬಿಳಿಯರ ಗುಂಪು ಅವರ ಮೇಲೆ ಹಲ್ಲೆ ನಡೆಸಿತು. ಎಲ್ಲರಿಗೂ ಕೊಳ ತೆರೆಯಬೇಕೆಂಬ ಒತ್ತಾಯ ಬಂದಾಗ ಮಿಸಿಸಿಪ್ಪಿಯ ಜಾಕ್ಸನ್ ನಗರದವರು ಕೊಳಗಳನ್ನೇ ಮುಚ್ಚಿಬಿಟ್ಟರು. ಹಾಗೆ ಮುಚ್ಚಿದ್ದು ತಪ್ಪಲ್ಲವೆಂದು 1971ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಐದು–ನಾಲ್ಕರ ಬಹುಮತದಿಂದ ತೀರ್ಪಿತ್ತಿತು. ನಾವಿಬ್ಬರೂ ಒಟ್ಟಿಗೆ ನೆನೆಯುವುದಕ್ಕಿಂತ ಯಾರೂ ನೆನೆಯದಿರುವುದೇ ಮೇಲು ಎಂಬ ಮನಸ್ಸು ಅದು.

ಹೊರದೇಶದ ಮಾತೆಂದು ಹಗುರಾಗಿ ತೆಗೆಯುವ ಹಕ್ಕು ನಮಗಿಲ್ಲ. 1927ರ ಮಾರ್ಚ್ 20ರಂದು ಡಾ. ಅಂಬೇಡ್ಕರ್ ಅವರು ಮಹಾಡದ ಚವದಾರ್ ಕೆರೆಯ ನೀರನ್ನು ಮುಟ್ಟಿ ಕುಡಿದ ಮೇಲೆ ಆ ಕೆರೆಯನ್ನು ‘ಶುದ್ಧಿ’ ಮಾಡಿದವರು ನಮ್ಮವರೇ. ಅಷ್ಟು ದೂರವೂ ಬೇಡ. ನಮ್ಮೂರ ಜಾತ್ರೆಯ ಮಾರನೆಯ ದಿನ ಓಕುಳಿ. ಅದಕ್ಕೆಂದೇ ಅಮ್ಮ ಹರಿದ ಅಂಗಿಯೊಂದನ್ನು ತೆಗೆದಿಡುತ್ತಿದ್ದಳು. ನೆನೆಯಲು ನಮಗಿದ್ದ ಸಿದ್ಧತೆ ಅಷ್ಟೇ. ಓಕುಳಿ ಮುಗಿದ ಮೇಲೆ ಬಣ್ಣ ತೊಳೆಯಲು ಎಲ್ಲ ಹುಡುಗರೂ ಕಲ್ಯಾಣಿಗೆ ಹಾರುತ್ತಿದ್ದರು. ನನ್ನ ಪಕ್ಕದಲ್ಲೇ ಕೂರುತ್ತಿದ್ದ, ಲೆಕ್ಕದಲ್ಲಿ ನನಗಿಂತ ಚುರುಕಾಗಿದ್ದ ಸಹಪಾಠಿಯೊಬ್ಬ ಮಾತ್ರ ಮೇಲಿನ ಕಲ್ಲುಕಂಬದ ಬಳಿ ನಮ್ಮ ಒಣಬಟ್ಟೆಗಳನ್ನು ಕಾಯುತ್ತ ನಿಂತಿರುತ್ತಿದ್ದ. ಬಾ ಎಂದು ನಾನು ಕರೆಯಲಿಲ್ಲ. ಅವನೇಕೆ ಬರುವುದಿಲ್ಲವೆಂದು ಕೇಳಲೂ ಇಲ್ಲ. ಕೇಳಬೇಕಾದದ್ದು ಅಲ್ಲೊಂದಿದೆ ಎಂಬ ಅರಿವೇ ಆಗ ನನಗಿರಲಿಲ್ಲ. ಬಿ.ಎಡ್. ಮಾಡಿ, ಸಮಾನತೆಯ ಪಾಠವನ್ನು ವರ್ಷವರ್ಷವೂ ಕಪ್ಪುಹಲಗೆಯ ಮೇಲೆ ಬರೆದವನಿಗೆ ಈ ಚಿತ್ರ ನೆನಪಾಗಲು ನೈಲಾನ್ ಚಡ್ಡಿಯ ಪಟ್ಟಿಯೇ ಬರಬೇಕಾಯಿತು.

ಮಾರನೆಯ ದಿನ ಉದ್ಯಾನಕ್ಕೆ ಹೋದೆವು. ನೈಲಾನಿನ ನಿಯಮದ ಕಾರಣ ಅಲ್ಲಿ ತಿಳಿಯಿತು. ಹತ್ತಿಬಟ್ಟೆ ನೀರು ಹೀರಿ ಭಾರವಾಗುತ್ತದೆ, ಅದರ ಎಳೆಗಳು ನೀರು ಸೋಸುವ ಯಂತ್ರದಲ್ಲಿ ಸಿಕ್ಕಿಕೊಳ್ಳುತ್ತವೆ. ಸೀರೆಯ ಸೆರಗು, ದುಪಟ್ಟಾಗಳು ಜಾರುಬಂಡೆಯಲ್ಲಿ ಸಿಲುಕಿದರೆ ಅಪಾಯ. ಹೊಸ ಉಡುಗೆಗೆ ಒಪ್ಪದ ನನ್ನಾಕೆ ಚೀಲಗಳನ್ನು ಕಾಯುತ್ತ ಬೆಂಚಿನ ಮೇಲೆ ಕುಳಿತಳು. ಹೋಗುವವರಿಗೆ ಅನುಭವದಿಂದ ಎರಡು ಮಾತು: ಗಡಿಯಾರ, ಉಂಗುರಗಳನ್ನು ಮನೆಯಲ್ಲೇ ಬಿಡಿ. ಹೃದ್ರೋಗಿಗಳು, ಬೆನ್ನುನೋವಿನವರು ಇಳಿಜಾರಿನ ಆಸೆ ಬಿಡಿ. ದೋಣಿ ನಿಲ್ಲುವ ಮುನ್ನ ಏಳಬೇಡಿ, ಮಕ್ಕಳನ್ನೂ ಏಳಗೊಡಬೇಡಿ. 2016ರ ಅಕ್ಟೋಬರಿನಲ್ಲಿ ಆಸ್ಟ್ರೇಲಿಯದ ಡ್ರೀಮ್‌ವರ್ಲ್ಡ್ ಉದ್ಯಾನದಲ್ಲಿ ಪಂಪು ನಿಂತು ನೀರಿನ ಮಟ್ಟ ಕುಸಿದು, ಸಿಕ್ಕಿಕೊಂಡ ತೆಪ್ಪಕ್ಕೆ ಮತ್ತೊಂದು ಬಡಿದು ನಾಲ್ವರು ಪ್ರಾಣ ಕಳೆದುಕೊಂಡರು. ನೀರಿಗಿಳಿಯುವವರ ಸಿದ್ಧತೆ ಎಷ್ಟು ಮುಖ್ಯವೋ ಇಳಿಸುವವರ ಸಿದ್ಧತೆ ಅದಕ್ಕಿಂತ ಮುಖ್ಯ.

ದೋಣಿಯ ಸಾಲಿನಲ್ಲಿ ನಿಂತಾಗ ನನ್ನ ಹಿಂದೆಮುಂದೆ ಇದ್ದವರು ಯಾರು, ಯಾವ ಜಾತಿ, ಯಾವ ಊರು ಎಂದು ತಿಳಿಯುವಂತಿರಲಿಲ್ಲ. ಎಲ್ಲರದೂ ಒಂದೇ ಬಗೆಯ ನೈಲಾನು. ನೀರು ಎಲ್ಲರ ಮೇಲೂ ಒಂದೇ ಸಮನೆ ಬಿತ್ತು. ಅಮೆರಿಕದಲ್ಲೂ ಕಾಲ ಸರಿದಿದೆ. ಡಿಸ್ನಿಯವರು 1989ರಲ್ಲಿ ತೆರೆದಿದ್ದ ‘ಸ್ಪ್ಲಾಷ್ ಮೌಂಟನ್’ ಎಂಬ ನೀರಿನ ಇಳಿಜಾರು, ಕಪ್ಪುಜನರ ಬದುಕನ್ನು ತಪ್ಪಾಗಿ ತೋರಿಸಿತೆಂಬ ಆಕ್ಷೇಪಕ್ಕೆ ಒಳಗಾದ 1946ರ ಚಲನಚಿತ್ರವೊಂದನ್ನು ಆಧರಿಸಿತ್ತು. 2023ರಲ್ಲಿ ಅದನ್ನು ಮುಚ್ಚಿ, 2024ರಲ್ಲಿ ಅದೇ ತೋಡು, ಅದೇ ನೀರಿಗೆ ಟಿಯಾನಾ ಎಂಬ ಕಪ್ಪು ರಾಜಕುಮಾರಿಯ ಕಥೆ ತೊಡಿಸಿದರು.

ಹಾಗೆಂದು ಬೇಲಿ ಪೂರ್ತಿ ಬಿದ್ದಿದೆ ಎನ್ನಲಾರೆ. ಅಂದು ನಮ್ಮ ಐವರ ಟಿಕೇಟಿಗೆ ತೆತ್ತ ಹಣವನ್ನು ಲೆಕ್ಕ ಹಾಕಿದಾಗ, ನಾನು ಪಾಠ ಹೇಳಿದ ಮಕ್ಕಳಲ್ಲಿ ಎಷ್ಟು ಮಂದಿ ಈ ಬಾಗಿಲು ದಾಟಬಲ್ಲರು ಎನಿಸಿತು. ಈಗ ಬಾಗಿಲಲ್ಲಿ ಜಾತಿ ಕೇಳುವುದಿಲ್ಲ, ಜೇಬು ಕೇಳುತ್ತದೆ.

ಸಂಜೆ ಹಿಂತಿರುಗುವಾಗ ಮೊಮ್ಮಗಳು ಕೇಳಿದಳು: “ತಾತ, ಚೆನ್ನಾಗಿ ನೆನೆದ್ಯಾ?”

ಕನ್ನಡದಲ್ಲಿ ತೋಯುವುದಕ್ಕೂ ಸ್ಮರಿಸುವುದಕ್ಕೂ ಒಂದೇ ಮಾತು. “ಹೌದು ಪುಟ್ಟಿ, ಚೆನ್ನಾಗಿ ನೆನೆದೆ” ಎಂದೆ. ಕಂಬದ ಬಳಿ ನಮ್ಮ ಬಟ್ಟೆ ಕಾದವನು ಈಗ ಎಲ್ಲಿದ್ದಾನೋ ಊರಿನಲ್ಲಿ ವಿಚಾರಿಸುತ್ತಿದ್ದೇನೆ. ಸಿಕ್ಕರೆ, ಐವತ್ತು ವರ್ಷ ತಡವಾದ ಆ ಪ್ರಶ್ನೆಯನ್ನು ಅವನ ಮುಂದಿಡಬೇಕು.