ಸರ್ವರ್‌ನಿಂದ ಬ್ರೌಸರಿಗೆ ನಿರಂತರ ಸಂಪರ್ಕ: ಜಾವಾಸ್ಕ್ರಿಪ್ಟ್ ಲೈಬ್ರರಿಗಳ ಚರಿತ್ರೆ

ಸರ್ವರ್‌ನಲ್ಲಿ ಬದಲಾದ ಮಾಹಿತಿ, ಪುಟವನ್ನು ಮತ್ತೆ ತೆರೆಯದೆಯೇ, ಆ ಕ್ಷಣಕ್ಕೆ ಪರದೆಯ ಮೇಲೆ ಮೂಡಬೇಕಾದರೆ ಬ್ರೌಸರ್ ಮತ್ತು ಸರ್ವರ್ ನಡುವೆ ಒಂದು ಸಂಪರ್ಕ ತೆರೆದೇ ಇರಬೇಕು. ಅದನ್ನು ಜೋಡಿಸುವ, ಜೀವಂತವಾಗಿಡುವ, ಕಡಿದಾಗ ಮತ್ತೆ ಕಟ್ಟುವ ಕೆಲಸವನ್ನು ಬಳಕೆದಾರನ ಕಡೆಯಿಂದ ನಿರ್ವಹಿಸುವುದು ಜಾವಾಸ್ಕ್ರಿಪ್ಟ್ ಲೈಬ್ರರಿ. ಸಾಕೆಟ್ ಐಒ, ಸಿಗ್ನಲ್ ಆರ್, ಬೆಂಗಳೂರಿನ ಜೆರೋಧಾ ಸಂಸ್ಥೆಯ ಕೈಟ್ ಟಿಕರ್ ಈ ಬಗೆಯವು.

ವೆಬ್ ಹುಟ್ಟಿದಾಗ ಇಂಥ ಏರ್ಪಾಡು ಅದರಲ್ಲಿರಲಿಲ್ಲ. ಎಚ್‌ಟಿಟಿಪಿಯ ನಿಯಮದಲ್ಲಿ ಬ್ರೌಸರ್ ಕೇಳಬೇಕು, ಸರ್ವರ್ ಉತ್ತರಿಸಬೇಕು. ಕೇಳದೆ ಸರ್ವರ್ ಬಾಯಿ ಬಿಡುವಂತಿಲ್ಲ. ಹುಬ್ಬಳ್ಳಿಯ ಅಮರಗೋಳ ಎಪಿಎಂಸಿಗೆ ಒಣಮೆಣಸಿನಕಾಯಿ ತಂದ ರೈತ ನಿಮಿಷಕ್ಕೊಮ್ಮೆ ದಲಾಲಿ ಅಂಗಡಿಯ ಮೆಟ್ಟಿಲು ಹತ್ತಿ “ರೇಟ್ ಎಷ್ಟಾತ್ರೀ?” ಎಂದು ವಿಚಾರಿಸಿದ ಹಾಗೆ, ಬ್ರೌಸರ್ ಮತ್ತೆ ಮತ್ತೆ ಕೇಳುತ್ತಲೇ ಇರಬೇಕಿತ್ತು. ಪೋಲಿಂಗ್ ಎಂದರೆ ಇದೇ. ಬೆಲೆ ಬದಲಾಗದಿದ್ದರೂ ಪ್ರತಿ ವಿಚಾರಣೆಗೂ ಕುಕಿ, ವಿಳಾಸ ಮುಂತಾದ ತಲೆಬರಹಗಳ ಹೊರೆ ಜಾಲದ ಮೇಲೆ ಬೀಳುತ್ತಿತ್ತು.

1995ರಲ್ಲಿ ಬ್ರೆಂಡನ್ ಐಕ್ ನೆಟ್‌ಸ್ಕೇಪ್‌ಗಾಗಿ ಜಾವಾಸ್ಕ್ರಿಪ್ಟ್ ರೂಪಿಸಿದರು. 1999ರಲ್ಲಿ ಇಂಟರ್ನೆಟ್ ಎಕ್ಸ್‌ಪ್ಲೋರರ್ 5ರ ಜೊತೆ ಬಂದ ಎಕ್ಸ್‌ಎಂಎಲ್ ಎಚ್‌ಟಿಟಿಪಿ ಎಂಬ ಸೌಲಭ್ಯದಿಂದ, ತೆರೆದ ಪುಟವನ್ನು ಅಲುಗಿಸದೆ ಹಿಂಬದಿಯಿಂದ ಮಾಹಿತಿ ತರುವುದು ಸಾಧ್ಯವಾಯಿತು. 2005ರಲ್ಲಿ ಜೆಸ್ಸಿ ಜೇಮ್ಸ್ ಗ್ಯಾರೆಟ್ ಈ ರೀತಿಯ ಕಟ್ಟಣೆಗೆ ಅಜಾಕ್ಸ್ ಎಂದು ಹೆಸರಿಟ್ಟರು. ಮರುವರ್ಷ ಅಲೆಕ್ಸ್ ರಸೆಲ್ ಇನ್ನೊಂದು ಉಪಾಯವನ್ನು ಕಾಮೆಟ್ ಎಂದು ಕರೆದರು. ಬ್ರೌಸರ್ ಕೇಳಿದ ಪ್ರಶ್ನೆಗೆ ಸರ್ವರ್ ತಕ್ಷಣ ಉತ್ತರಿಸುವುದಿಲ್ಲ. ಹೇಳಲು ಹೊಸದೇನಾದರೂ ಸಿಗುವ ತನಕ ಆ ಕೋರಿಕೆಯನ್ನು ಹಿಡಿದಿಟ್ಟುಕೊಳ್ಳುತ್ತದೆ. ಉತ್ತರ ಸಿಕ್ಕೊಡನೆ ಬ್ರೌಸರ್ ಮತ್ತೊಂದು ಕೋರಿಕೆ ಕಳಿಸಿ ಕಾಯುತ್ತದೆ. ಲಾಂಗ್ ಪೋಲಿಂಗ್ ಎಂಬ ಈ ವಿಧಾನ ಇಂದಿಗೂ ಕೊನೆಯ ಆಸರೆಯಾಗಿ ಉಳಿದಿದೆ.

ನಿಜವಾದ ದ್ವಿಮುಖ ದಾರಿ ತೆರೆದದ್ದು ವೆಬ್‌ಸಾಕೆಟ್. 2008ರಲ್ಲಿ ಇಯಾನ್ ಹಿಕ್ಸನ್ ಮತ್ತು ಮೈಕೆಲ್ ಕಾರ್ಟರ್ ಅವರ ಚರ್ಚೆಯಲ್ಲಿ ಅದಕ್ಕೆ ಈ ಹೆಸರು ಸಿಕ್ಕಿತು. 2009ರ ಕೊನೆಗೆ ಕ್ರೋಮ್ ಅದನ್ನು ಅಳವಡಿಸಿಕೊಂಡಿತು. ಮುಂದಿನ ಹಾದಿ ಸಲೀಸಾಗಿರಲಿಲ್ಲ. ನಡುವಿನ ಪ್ರಾಕ್ಸಿಗಳನ್ನು ವಂಚಿಸಬಹುದಾದ ದೋಷ ಕಂಡುಬಂದ ಕಾರಣ 2010ರ ಕೊನೆಯಲ್ಲಿ ಫೈರ್‌ಫಾಕ್ಸ್ ಮತ್ತು ಒಪೆರಾ ಅದನ್ನು ನಿಲ್ಲಿಸಿಟ್ಟವು. ಬ್ರೌಸರ್ ಕಳಿಸುವ ಪ್ರತಿ ಸಂದೇಶಕ್ಕೂ 4 ಬೈಟ್‌ಗಳ ಮುಸುಕು ಹಾಕುವ ನಿಯಮ ಈ ಅಪಾಯವನ್ನು ತಡೆಯಲೆಂದೇ ಸೇರಿತು. 2011ರ ಡಿಸೆಂಬರಿನಲ್ಲಿ ಆರ್‌ಎಫ್‌ಸಿ 6455 ಆಗಿ ಮಾನದಂಡ ಪ್ರಕಟವಾಯಿತು. ಸಾಮಾನ್ಯ ಎಚ್‌ಟಿಟಿಪಿ ಕೋರಿಕೆಯಾಗಿಯೇ ಮಾತು ಶುರುವಾಗುತ್ತದೆ. ಸರ್ವರ್ 101 ಎಂಬ ಸಂಕೇತ ಕೊಟ್ಟ ಮೇಲೆ ಅದೇ ತಂತಿಯಲ್ಲಿ ಎರಡೂ ಕಡೆಯವರು ಬೇಕೆಂದಾಗ ಮಾತನಾಡಬಹುದು.

ಹಳೆಯ ಬ್ರೌಸರ್‌ಗಳೂ ಕಚೇರಿಗಳ ಫೈರ್‌ವಾಲ್‌ಗಳೂ ಇದಕ್ಕೆ ಒಗ್ಗಿರಲಿಲ್ಲ. ಲೈಬ್ರರಿಗಳು ಬೆಳೆದದ್ದೇ ಈ ತೊಡಕಿನಿಂದ. 2010ರಲ್ಲಿ ಗಿಲೆರ್ಮೊ ರಾವ್ಖ್ ಸರ್ವರ್‌ನಲ್ಲಿ ಜಾವಾಸ್ಕ್ರಿಪ್ಟ್ ಓಡಿಸುವ ನೋಡ್ ಜೆಎಸ್‌ಗಾಗಿ ರೂಪಿಸಿದ ಸಾಕೆಟ್ ಐಒ, 1.0 ಆವೃತ್ತಿಯ ಹೊತ್ತಿಗೆ ಮೊದಲು ಲಾಂಗ್ ಪೋಲಿಂಗ್‌ನಲ್ಲಿ ಸಂಪರ್ಕ ಕುದುರಿಸಿ, ಆಮೇಲೆ ಸಾಧ್ಯವಾದರೆ ವೆಬ್‌ಸಾಕೆಟ್‌ಗೆ ಏರುವ ಕ್ರಮವನ್ನು ಹಿಡಿದಿತ್ತು. ಮೈಕ್ರೋಸಾಫ್ಟ್‌ನ ಡೇವಿಡ್ ಫೌಲರ್ ಮತ್ತು ಡೇಮಿಯನ್ ಎಡ್ವರ್ಡ್ಸ್ 2011ರಲ್ಲಿ ಆರಂಭಿಸಿದ ಸಿಗ್ನಲ್ ಆರ್, ಹಬ್ ಎಂಬ ಕಲ್ಪನೆ ತಂದಿತು: ಪುಟದಲ್ಲಿರುವ ಫಂಕ್ಷನ್ ಅನ್ನು ಸರ್ವರ್ ಹೆಸರು ಹಿಡಿದು ಕರೆಯಬಹುದು. ಅದರ ಮೊದಲ ಲೈಬ್ರರಿಗೆ ಜೆಕ್ವೆರಿ ಎಂಬ ಇನ್ನೊಂದು ಲೈಬ್ರರಿ ಬೇಕೇ ಬೇಕಿತ್ತು. 2018ರ ಹೊಸ ಆವೃತ್ತಿ ಆ ಹಂಗು ಕಳಚಿತು.

ಕರ್ನಾಟಕದಲ್ಲಿ ಈ ತಂತ್ರ ಸಾಮಾನ್ಯ ಜನರ ಕೈಗೆ ತಲುಪಿದ ದಾರಿಗಳಲ್ಲಿ ಷೇರು ವ್ಯವಹಾರವೂ ಒಂದು. ನಿತಿನ್ ಕಾಮತ್ 2010ರ ಆಗಸ್ಟ್ 15ರಂದು ಬೆಂಗಳೂರಿನಲ್ಲಿ ಆರಂಭಿಸಿದ ಜೆರೋಧಾ, 2015ರಲ್ಲಿ ಕೈಟ್ ವೇದಿಕೆಯನ್ನು ಹೊರತಂದಿತು. ಹೊರಗಿನ ತಂತ್ರಾಂಶಕಾರರಿಗಾಗಿ ತೆರೆದ ಕೈಟ್ ಕನೆಕ್ಟ್ ಸೇವೆಯ ಜಾವಾಸ್ಕ್ರಿಪ್ಟ್ ಲೈಬ್ರರಿಯಲ್ಲಿ ಕೈಟ್ ಟಿಕರ್ ಎಂಬ ಭಾಗವಿದೆ. ಕಂಪನಿಗಳ ಗುರುತುಸಂಖ್ಯೆಗಳನ್ನು ಕೊಟ್ಟು ಚಂದಾದಾರರಾದರೆ, ಬೆಲೆ ಅಲುಗಿದಂತೆ ‘ಟಿಕ್ಸ್’ ಎಂಬ ಘಟನೆ ನಮ್ಮ ಫಂಕ್ಷನ್‌ಗೆ ಬಂದು ಮುಟ್ಟುತ್ತದೆ. ಒಂದು ಸಂಪರ್ಕದಲ್ಲಿ 3,000 ಷೇರು ಅಥವಾ ಒಪ್ಪಂದಗಳವರೆಗೆ ಕೇಳಬಹುದು.

ಈ ಹರಿವಿನ ಅಚ್ಚುಕಟ್ಟು ನಿಜಕ್ಕೂ ಮೆಚ್ಚುವಂಥದ್ದು. ಬೆಲೆಗಳು ಅಕ್ಷರರೂಪದಲ್ಲಿ ಬರದೆ ಬೈನರಿಯಲ್ಲಿ ಬರುತ್ತವೆ. ಕೊನೆಯ ಬೆಲೆಯಷ್ಟೇ ಸಾಕೆಂದರೆ 8 ಬೈಟ್: 4 ಗುರುತಿಗೆ, 4 ಬೆಲೆಗೆ. ದಿನದ ಏರಿಳಿತವೂ ಬೇಕಾದರೆ 44. ಐದು ಕೊಳ್ಳುವ ಮತ್ತು ಐದು ಮಾರುವ ಬೇಡಿಕೆಗಳ ಪಟ್ಟಿಯೂ ಸೇರಿದರೆ 184. ಷೇರುಗಳ ಬೆಲೆ ಪೈಸೆಯಲ್ಲಿರುತ್ತದೆ. 245050 ಎಂದು ಬಂದುದನ್ನು 100ರಿಂದ ಭಾಗಿಸಿ 2,450.50 ರೂಪಾಯಿ ಮಾಡಿ ಒಪ್ಪಿಸುವುದು ಲೈಬ್ರರಿಯ ಕೆಲಸ. ಬೆಲೆ ಬದಲಾಗದ ಹೊತ್ತಿನಲ್ಲೂ ಸರ್ವರ್ 1 ಬೈಟ್‌ನ ನಾಡಿಬಡಿತ ಕಳಿಸುತ್ತಿರುತ್ತದೆ. ಅದೂ ನಿಂತರೆ ಸಂಪರ್ಕ ಸತ್ತಿದೆ ಎಂದು ತಿಳಿದು ಲೈಬ್ರರಿ ಮರುಯತ್ನಕ್ಕೆ ತೊಡಗುತ್ತದೆ.

ಲೈಬ್ರರಿಯೊಂದರ ಯೋಗ್ಯತೆಯನ್ನು ಅಳೆಯಬೇಕಾದದ್ದು ಇಲ್ಲಿಯೇ. ಸಂಪರ್ಕ ತೆರೆಯಲು ಎರಡು ಸಾಲು ಸಾಕು. ಕಡಿದದ್ದನ್ನು ಸರಿಯಾಗಿ ಕಟ್ಟುವುದು ಕಷ್ಟ. ಸಾವಿರಾರು ಬ್ರೌಸರ್‌ಗಳ ಸಂಪರ್ಕ ಒಮ್ಮೆಗೇ ಕಡಿದು, ಎಲ್ಲವೂ ಒಮ್ಮೆಗೇ ಹಿಂತಿರುಗಿದರೆ ಚೇತರಿಸಿಕೊಳ್ಳುತ್ತಿರುವ ಸರ್ವರ್ ಮತ್ತೆ ಕುಸಿಯುತ್ತದೆ. ಆದ್ದರಿಂದ ಪ್ರತಿ ಸೋಲಿಗೂ ಅಂತರವನ್ನು ಹೆಚ್ಚಿಸುತ್ತ ಹೋಗುವ ರೂಢಿ ಬೆಳೆದಿದೆ. ಸಿಗ್ನಲ್ ಆರ್‌ನ ಹೊಸ ಲೈಬ್ರರಿಗೆ ತಾನಾಗಿ ಮರುಸಂಪರ್ಕಿಸುವ ಶಕ್ತಿ ಬಂದದ್ದು 2019ರ 3.0 ಆವೃತ್ತಿಯಲ್ಲಿ: ಕೂಡಲೇ ಒಮ್ಮೆ, ಆಮೇಲೆ 2, 10, 30 ಸೆಕೆಂಡು ಬಿಟ್ಟು, ನಾಲ್ಕೂ ಸೋತರೆ ಕೈಬಿಡುತ್ತದೆ. ಮರಳಿ ಸಿಕ್ಕ ಸಂಪರ್ಕಕ್ಕೆ ಹೊಸ ಗುರುತು ಸಿಗುವುದರಿಂದ ಸಂದೇಶ ಹಂಚಲು ಸರ್ವರ್‌ನಲ್ಲಿ ಮಾಡಿದ್ದ ಹಿಂದಿನ ಗುಂಪುಗಳಿಗೆ ಮತ್ತೆ ಸೇರಿಕೊಳ್ಳಬೇಕು. ಕಡಿದಿದ್ದ ಹೊತ್ತಿನಲ್ಲಿ ನಡೆದದ್ದನ್ನೂ ಕೇಳಿ ಪಡೆಯಬೇಕು; ಇಲ್ಲದಿದ್ದರೆ ಪರದೆಯ ಮೇಲಿನ ಹಳೆಯ ಅಂಕಿ ಹೊಸದರ ವೇಷದಲ್ಲಿ ನಿಂತಿರುತ್ತದೆ. ಹಣದ ವ್ಯವಹಾರದಲ್ಲಿ ಇದು ಖಾಲಿ ಪರದೆಗಿಂತ ಅಪಾಯಕಾರಿ.

ಎಲ್ಲ ಮಾರುಕಟ್ಟೆಗೂ ಈ ಹರಿವು ಒಪ್ಪುವುದಿಲ್ಲ. 2014ರ ಫೆಬ್ರುವರಿಯಲ್ಲಿ ಕರ್ನಾಟಕ ಆರಂಭಿಸಿದ ಏಕೀಕೃತ ಮಾರುಕಟ್ಟೆ ವೇದಿಕೆಯ ಇ-ಟೆಂಡರ್ ಬೇರೆಯೇ ತರ್ಕದ್ದು. ರೈತನ ಮಾಲಿಗೆ ಲಾಟ್ ಸಂಖ್ಯೆ ಸಿಗುತ್ತದೆ, ಖರೀದಿದಾರರು ಮಾಲು ನೋಡಿ ನಿಗದಿತ ವೇಳೆಯೊಳಗೆ ಕಂಪ್ಯೂಟರಿನಲ್ಲಿ ದರ ನಮೂದಿಸುತ್ತಾರೆ. ಒಬ್ಬರ ದರ ಇನ್ನೊಬ್ಬರಿಗೆ ಕಾಣುವಂತಿಲ್ಲ. ವೇಳೆ ಮುಗಿದ ಮೇಲಷ್ಟೇ ಅತಿ ಹೆಚ್ಚಿನ ದರ ಹೊರಬೀಳುತ್ತದೆ, ಅದು ಒಪ್ಪಿಗೆಯಾಗದಿದ್ದರೆ ರೈತ ಮಾರಾಟ ನಿರಾಕರಿಸಬಹುದು. ಹುಬ್ಬಳ್ಳಿಯ ಎಪಿಎಂಸಿ ಈ ವೇದಿಕೆಗೆ ಸೇರಿದ ಮಾರುಕಟ್ಟೆಗಳಲ್ಲೊಂದು. ದರಗಳನ್ನು ಕ್ಷಣಕ್ಷಣಕ್ಕೆ ಎಲ್ಲರ ಪರದೆಗೆ ಹರಿಸಿದರೆ ಇಲ್ಲಿ ಟೆಂಡರಿನ ಗುಟ್ಟೇ ಬಯಲಾಗುತ್ತದೆ.

ಟೆಂಡರ್ ಮುಗಿದ ಮೇಲಿನ ಫಲಿತಾಂಶದ ಫಲಕಕ್ಕಾದರೆ ಏಕಮುಖ ಹರಿವು ಸಾಕು. ಅದಕ್ಕೆಂದೇ ಈಗಿನ ಬ್ರೌಸರ್‌ಗಳಲ್ಲಿ ಇವೆಂಟ್‌ಸೋರ್ಸ್ ಇದೆ. ಒಪೆರಾ ಇದರ ಮೊದಲ ರೂಪವನ್ನು 2006ರಲ್ಲಿಯೇ ತೋರಿಸಿತ್ತು. ಹೊರಗಿನ ಲೈಬ್ರರಿ ಇಲ್ಲದೆ ಅದು ತಾನೇ ಮರುಸಂಪರ್ಕಿಸುತ್ತದೆ, ಕೊನೆಗೆ ತಲುಪಿದ ಸಂದೇಶದ ಗುರುತನ್ನು ಹೇಳಿ ಮುಂದಿನದನ್ನು ಕೇಳುತ್ತದೆ. ಏಕೀಕೃತ ವೇದಿಕೆಯಲ್ಲಿ ರೈತನಿಗೆ ದರ ತಿಳಿಸಲು ಆರಿಸಿಕೊಂಡದ್ದು ಎಸ್‌ಎಂಎಸ್. ಅದಕ್ಕೆ ತೆರೆದ ಸಂಪರ್ಕವೂ ಬೇಡ, ಬ್ರೌಸರೂ ಬೇಡ.