ಪಾಂಗಾಂಗ್‌ನಿಂದ ಪನವೇಲ್‌ವರೆಗೆ: ಗುರುತು ಸಿಗದ ಆಕಾಶಕಾಯಗಳ ಸೇನಾ ವರದಿಗಳನ್ನು ಓದುವ ಬಗೆ

2012ರ ಆಗಸ್ಟ್‌ನಿಂದ 2013ರ ಫೆಬ್ರವರಿಯವರೆಗೆ ಲಡಾಖ್ ಗಡಿಯಲ್ಲಿದ್ದ ನಮ್ಮ ಸೇನೆ ಗುರುತು ಸಿಗದ ವಸ್ತುಗಳನ್ನು ಆಕಾಶದಲ್ಲಿ 329 ಬಾರಿ ಕಂಡುದಾಗಿ ದಾಖಲಿಸಿತು. ಹಳದಿ ಛಾಯೆಯ ಗೋಳವೊಂದು ಚೀನಾ ಕಡೆಯ ದಿಗಂತದಿಂದ ಮೇಲೆದ್ದು, ಮೂರರಿಂದ ಐದು ತಾಸು ನಿಧಾನವಾಗಿ ಸಾಗಿ ಮರೆಯಾಗುತ್ತದೆ ಎಂದು ಪಾಂಗಾಂಗ್ ಸರೋವರದ ಬಳಿ ಥಾಕುಂಗ್‌ನಲ್ಲಿದ್ದ ಭಾರತ-ಟಿಬೆಟ್ ಗಡಿ ಪೊಲೀಸ್ (ಐಟಿಬಿಪಿ) ತುಕಡಿ ವರದಿ ಮಾಡಿತ್ತು. ಚೀನಾದ ಬೇಹುಗಾರಿಕೆ ಡ್ರೋನ್ ಇರಬಹುದೆಂದು ಸೇನೆ ಶಂಕಿಸಿತು. ಕೊನೆಗೆ ಒಗಟು ಬಿಡಿಸಿದ್ದು ಬೆಂಗಳೂರಿನ ಕೋರಮಂಗಲದಲ್ಲಿರುವ ಭಾರತೀಯ ಖಭೌತ ಸಂಸ್ಥೆ. ಸೈನಿಕರು ಕಂಡದ್ದು ಗುರು ಮತ್ತು ಶುಕ್ರ ಗ್ರಹಗಳನ್ನು. ಈ ಪ್ರಕರಣವನ್ನು ನಗೆಯ ವಸ್ತುವಾಗಿ ನೋಡುವುದು ಅನ್ಯಾಯ. ಸೇನಾ ವರದಿಯೊಂದು ಯಾವಾಗ ಸಾಕ್ಷ್ಯವಾಗುತ್ತದೆ ಎಂಬ ಪ್ರಶ್ನೆಗೆ ನಮ್ಮ ದೇಶದಲ್ಲಿ ಇದಕ್ಕಿಂತ ಸ್ಪಷ್ಟವಾದ ಉತ್ತರ ನನಗೆ ಕಂಡಿಲ್ಲ. ನೋಡಿದವರು ವೇಳೆ, ದಿಕ್ಕು, ಎತ್ತರಗಳನ್ನು ಬರೆದಿಟ್ಟಾಗ, ಮತ್ತು ಆ ಬರಹ ಸೇನೆಯ ಹೊರಗಿನ ತಜ್ಞರ ಕೈಗೆ ಸಿಕ್ಕಾಗ ಮಾತ್ರ ಅದು ಸಾಕ್ಷ್ಯವಾಗುತ್ತದೆ ಎಂಬುದು ನನ್ನ ವಾದ.

ಆ ಬೆಳಕುಗಳು ಗ್ರಹಗಳೇ ಎಂದು ತೋರಿಸುವ ಲೆಕ್ಕ ಸರಳವಾದದ್ದು. ಭೂಮಿಯ ಆವರ್ತನೆಯಿಂದ ಆಕಾಶಕಾಯಗಳು ತಾಸಿಗೆ ಸುಮಾರು 15 ಡಿಗ್ರಿ ಸರಿದಂತೆ ತೋರುತ್ತವೆ. ಐದು ತಾಸಿಗೆ 75 ಡಿಗ್ರಿ. ಸೈನಿಕರು ಹೇಳಿದ ನಿಧಾನಗತಿ ಇದೇ. ಗುರುವಿನ ಉದಯ ದಿನಕ್ಕೆ ಸರಿಸುಮಾರು ನಾಲ್ಕು ನಿಮಿಷ ಮುಂಚಿತವಾಗುತ್ತ ಬರುತ್ತದೆ. ಉದಾಹರಣೆಗೆ, ಆಗಸ್ಟ್ ಮೊದಲ ದಿನದಿಂದ ಅಕ್ಟೋಬರ್ ಮಧ್ಯದವರೆಗಿನ 75 ದಿನಗಳಲ್ಲಿ ಈ ಅಂತರ ಐದು ತಾಸಿನಷ್ಟಾಗುತ್ತದೆ. ಮನುಷ್ಯರು ಹಾರಿಸುವ ಡ್ರೋನ್ ಇಂಥ ಪಂಚಾಂಗವನ್ನು ಪಾಲಿಸುವುದಿಲ್ಲ. ಆ ವರ್ಷ ಶುಕ್ರ ಆಗಸ್ಟ್‌ನಲ್ಲಿ ಬೆಳಗಿನ ಜಾವದ ಪೂರ್ವಾಕಾಶದಲ್ಲಿ ಪ್ರಖರವಾಗಿತ್ತು. ಗುರು ಡಿಸೆಂಬರ್ ಆರಂಭದಲ್ಲಿ ಸೂರ್ಯನಿಗೆ ನೇರ ಎದುರಾಗಿ ಇಡೀ ರಾತ್ರಿ ಬೆಳಗಿತು. ಪಾಂಗಾಂಗ್ ಬಳಿಯ ಸುಮಾರು 4,250 ಮೀಟರ್ ಎತ್ತರದ ತೆಳುಗಾಳಿಯಲ್ಲಿ ಧೂಳು ಕಡಿಮೆ, ಊರದೀಪಗಳಿಲ್ಲ. ದಿಗಂತದಂಚಿನಲ್ಲೂ ಗ್ರಹ ದೀಪದಂತೆ ಉರಿಯುತ್ತದೆ. ಕಗ್ಗತ್ತಲಲ್ಲಿ ಒಂಟಿ ಬೆಳಕನ್ನೇ ದಿಟ್ಟಿಸಿದರೆ ಅದು ಅಲುಗಿದಂತೆ ಕಾಣುವುದು ಮನುಷ್ಯನ ಕಣ್ಣಿನ ಸಹಜ ಗುಣ.

ಸೈನಿಕರು ತರಬೇತಿ ಪಡೆದ ವೀಕ್ಷಕರು, ಗ್ರಹವನ್ನು ಗುರುತಿಸಲಾರರೇ ಎಂಬ ಆಕ್ಷೇಪ ಇಲ್ಲಿ ಏಳುತ್ತದೆ. ಆದರೆ ಅವರ ತರಬೇತಿ ಇರುವುದು ಅಪಾಯವನ್ನು ಬೇಗ ಪತ್ತೆ ಮಾಡುವುದಕ್ಕೆ. 1962ರ ಚೀನಾ ಯುದ್ಧದ ನೆನಪಿರುವ ಗಡಿಯಲ್ಲಿ ಎದುರು ದಿಕ್ಕಿನಿಂದ ಏಳುವ ಬೆಳಕನ್ನು ಮೊದಲು ಶತ್ರುವಿನದೆಂದೇ ಶಂಕಿಸುವುದು ಅವರ ಕರ್ತವ್ಯ. ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ. ಲಡಾಖ್‌ನ ಹಾನ್ಲೆ ವೀಕ್ಷಣಾಲಯದ ಖಗೋಳಜ್ಞರು ಈ ವಸ್ತುಗಳು ಆಕಾಶಕಾಯಗಳಲ್ಲವೆಂದು ಹೇಳಿದ್ದಾಗಿ 2012ರ ನವೆಂಬರ್‌ನಲ್ಲಿ ಸೇನಾಧಿಕಾರಿಗಳನ್ನು ಉಲ್ಲೇಖಿಸಿ ಸುದ್ದಿ ಬಂದಿತ್ತು. ಹಾನ್ಲೆ ಇದೇ ಖಭೌತ ಸಂಸ್ಥೆಯ ವೀಕ್ಷಣಾಲಯ.  ಹಾಗಾದರೆ ಒಂದೇ ಸಂಸ್ಥೆಯ ಹೆಸರಿನಲ್ಲಿ ಎರಡು ತೀರ್ಪುಗಳೇ? ಮೊದಲನೆಯದು ಬಾಯಿಂದ ಬಾಯಿಗೆ ಬಂದದ್ದು. ಎರಡನೆಯದು ತಿಂಗಳುಗಟ್ಟಲೆ ಬರೆದಿಟ್ಟ ದಾಖಲೆಯನ್ನು ಗ್ರಹಗಳ ಸ್ಥಾನದೊಂದಿಗೆ ಹೋಲಿಸಿ ಬಂದದ್ದು. ಪರಿಶೀಲಿಸಲು ಬರುವ ತೀರ್ಪನ್ನೇ ಒಪ್ಪಬೇಕು.

ಎಲ್ಲ ಪ್ರಕರಣಗಳೂ ಹೀಗೆ ಬಗೆಹರಿಯುವುದಿಲ್ಲ ನಿಜ. ಇಂಥ ವರದಿಗಳನ್ನು ಪರಿಶೀಲಿಸಿದ ಅಮೆರಿಕದ ವಾಯುಪಡೆಯ ಯೋಜನೆ ಪ್ರಾಜೆಕ್ಟ್ ಬ್ಲೂಬುಕ್ 1947ರಿಂದ 1969ರವರೆಗಿನ 12,618 ವರದಿಗಳನ್ನು ಲೆಕ್ಕಕ್ಕೆ ತೆಗೆದುಕೊಂಡಿತು. ಅವುಗಳಲ್ಲಿ 701ಕ್ಕೆ ಗುರುತು ಸಿಗಲಿಲ್ಲ. 2021ರ ಅಲ್ಲಿನ ಗುಪ್ತಚರ ವರದಿ 144 ಪ್ರಕರಣಗಳಲ್ಲಿ ಒಂದನ್ನು ಮಾತ್ರ ಬಗೆಹರಿಸಿತು: ಅದು ಗಾಳಿ ಇಳಿಯುತ್ತಿದ್ದ ದೊಡ್ಡ ಬಲೂನು. ಉಳಿದವುಗಳಿಗೆ ಸಾಕಷ್ಟು ಮಾಹಿತಿ ಇರಲಿಲ್ಲವೆಂದು ಆ ವರದಿಯೇ ಒಪ್ಪಿತು. ಬಗೆಹರಿಯದೆ ಉಳಿದದ್ದನ್ನು ಅನ್ಯಲೋಕದ ಖಾತೆಗೆ ಬರೆಯುವವರು ಈ ಮಾತನ್ನು ಗಮನಿಸಬೇಕು. ನಮ್ಮಲ್ಲೂ 2023ರ ನವೆಂಬರ್ 19ರಂದು ಇಂಫಾಲ ವಿಮಾನ ನಿಲ್ದಾಣದ ಬಳಿ ಕಂಡ ವಸ್ತುವಿಗಾಗಿ ವಿಮಾನ ಸಂಚಾರ ನಿಂತಿತು, ರಫೇಲ್‌ಗಳು ಹಾರಿದವು, ಆದರೆ ಏನೂ ಸಿಗಲಿಲ್ಲ. ಇಂಥ ವರದಿಗಳ ವಿವರವನ್ನು ಹೊರಗೆ ಕೊಡಲಾಗದು, ದೇಶರಕ್ಷಣೆಗೆ ಗೋಪ್ಯತೆ ಬೇಕು ಎಂಬ ವಾದವನ್ನು ನಾನು ಗೌರವಿಸುತ್ತೇನೆ. ಆದರೆ ರಾಡಾರ್‌ನ ಸಾಮರ್ಥ್ಯವನ್ನೂ ಠಾಣ್ಯದ ನೆಲೆಯನ್ನೂ ಮುಚ್ಚಿಟ್ಟು, ಬೆಳಕು ಕಂಡ ವೇಳೆ ಮತ್ತು ದಿಕ್ಕನ್ನು ಮಾತ್ರ ಹೊರಗೆ ಕೊಡಲು ಅಡ್ಡಿ ಏನಿದೆ? ಫ್ರಾನ್ಸ್‌ನಲ್ಲಿ 1977ರಿಂದಲೂ ಇಂಥ ವರದಿಗಳ ಪರಿಶೀಲನೆ ನಾಗರಿಕ ಬಾಹ್ಯಾಕಾಶ ಸಂಸ್ಥೆಯ ಹೊಣೆ.

ಇದು ದೂರದ ಲಡಾಖ್‌ಗೆ ಮಾತ್ರ ಸೇರಿದ ಪ್ರಶ್ನೆಯಲ್ಲ. 2015ರ ಮೇ ತಿಂಗಳಲ್ಲಿ ಮುಂಬಯಿ ವಿಮಾನ ನಿಲ್ದಾಣದ ಬಳಿ ಪೈಲಟ್ ಒಬ್ಬರು ಕಂಡ ಪ್ಯಾರಾಶೂಟಿನಂಥ ವಸ್ತುಗಳು ಭದ್ರತಾ ಸಂಸ್ಥೆಗಳನ್ನು ಎಚ್ಚರಿಸಿದವು. ವಿಚಾರಣೆಯಲ್ಲಿ ಅವು ಸಮಾರಂಭವೊಂದರ ಬಲೂನುಗಳೆಂದು ತಿಳಿಯಿತು. 2025ರ ಡಿಸೆಂಬರ್ 25ರಿಂದ ಪನವೇಲ್ ಬಳಿಯ ನವಿ ಮುಂಬಯಿ ನಿಲ್ದಾಣದಿಂದಲೂ ವಿಮಾನಗಳು ಹಾರುತ್ತಿವೆ. ಠಾಣೆ, ಡೊಂಬಿವಲಿ, ಕಲ್ಯಾಣದ ಮಾಳಿಗೆಗಳಿಂದ ಕಾಣುವ ಚಲಿಸುವ ದೀಪಗಳು ಇನ್ನು ಹೆಚ್ಚುತ್ತಲೇ ಹೋಗುತ್ತವೆ, ಶಂಕೆಗಳೂ ಅಷ್ಟೇ. ಅವನ್ನು ಬಗೆಹರಿಸುವ ಅನುಭವವೂ ಈ ಸೀಮೆಯಲ್ಲೇ ಇದೆ: ಕಲ್ಯಾಣದಾಚೆಯ ವಾಂಗಣಿಯಲ್ಲಿ ಖಗೋಲ ಮಂಡಳದ ಹವ್ಯಾಸಿಗಳು ವರ್ಷಗಳಿಂದ ರಾತ್ರಿ ಆಕಾಶ ನೋಡುತ್ತ ಬಂದಿದ್ದಾರೆ. ರಕ್ಷಣಾ ಸಚಿವಾಲಯ ಲಡಾಖ್‌ನ ಆ 329 ದಾಖಲೆಗಳನ್ನು, ಠಾಣ್ಯಗಳ ಗುರುತು ಅಳಿಸಿ, ಪ್ರಕಟಿಸಲಿ. ಮುಂದೆ ಇಂಥ ವರದಿ ಬಂದಾಗ ಖಗೋಳಜ್ಞರ ಅಭಿಪ್ರಾಯವನ್ನು ತಿಂಗಳುಗಳ ನಂತರವಲ್ಲ, ಮೊದಲ ವಾರದಲ್ಲೇ ಕೇಳಲಿ.